ಬುತ್ತಿಗಾಡಿ

ಆಟವನ್ನು ಆಟದ ಹಾಗೆ ಆಡುವುದು ನನಗೆ ಬರುವುದಿಲ್ಲ. ಇಸ್ಪೀಟು ಹಂಚುವ ಮೊದಲು ಎಲೆಗಳನ್ನೆಲ್ಲ ಒಂದೇ ಮುಖಕ್ಕೆ ತಿರುಗಿಸಿ, ಅಂಚು ತಟ್ಟಿ, ಸಮ ಮಾಡುತ್ತೇನೆ. ಅಷ್ಟರಲ್ಲಿ ಉಳಿದವರು ಒಂದು ಸುತ್ತು ಎಲೆಯಡಿಕೆ ಮುಗಿಸಿರುತ್ತಾರೆ. ದೊಡ್ಡ ಯುದ್ಧದ ವರ್ಷಗಳನ್ನು ಫೌಜಿನ ಉಗ್ರಾಣದಲ್ಲಿ ಅಕ್ಕಿ, ಬೇಳೆ, ಬೂಟುಗಳ ನಡುವೆ ಕಳೆದು, ಆಮೇಲೆ ಹೊನ್ನಾವರದ ಶಾಲೆಯೊಂದರಲ್ಲಿ ಡ್ರಿಲ್ ಮಾಸ್ತರನಾದವನಿಗೆ ಇದಕ್ಕಿಂತ ಒಳ್ಳೆಯ ಬುದ್ಧಿ ಎಲ್ಲಿಂದ ಬರಬೇಕು? ನಿವೃತ್ತನಾದ ಮೇಲೂ ಬೆಳಿಗ್ಗೆ ಚಾದರ ಮಡಿಸುವಾಗ ನಾಲ್ಕು ಮೂಲೆ ಸೇರಿಸಿ ನೋಡುತ್ತೇನೆ. ತಪಾಸಣೆಗೆ ಈಗ ಉಳಿದಿರುವುದು ನನ್ನ ಹೆಂಡತಿ ಮಾತ್ರ. ಅವಳು ಆ ಕಡೆ ನೋಡುವುದೇ ಇಲ್ಲ.

ಇಂಥ ನಾನು ಹತ್ತು ವರ್ಷಗಳಿಂದ ಪ್ರತಿ ಭಾನುವಾರ ಊಟವಾದ ಮೇಲೆ ಯುದ್ಧಕ್ಕೆ ಹೋಗುತ್ತೇನೆ ಎಂದರೆ ನೀವು ನಗಬಹುದು. ನಗಿ, ಅಡ್ಡಿಯಿಲ್ಲ. ರಣರಂಗ ಇರುವುದು ಬಂದರದ ಹತ್ತಿರ, ನನ್ನ ಗೆಳೆಯ ತಾಂಡೇಲನ ಜಗಲಿಯಲ್ಲಿ, ಎರಡು ಡಬ್ಬಿಗಳ ಮೇಲೆ ಅಡ್ಡ ಇಟ್ಟ ಅಗಲವಾದ ಹಲಗೆಯ ಮೇಲೆ. ತಾಂಡೇಲ ಎಂದರೆ ಹಾಯಿಹಡಗಿನ ಯಜಮಾನ. ಹೆಂಚು ತುಂಬಿದ ಮಚವೆಯನ್ನು ಮುಂಬಯಿಗೆ ನಡೆಸಿ ನಡೆಸಿ ಅವನ ಹೆಸರು ಸವೆದುಹೋಗಿ ಹುದ್ದೆಯೊಂದೇ ಉಳಿದಿದೆ. ನಮ್ಮ ಸೈನ್ಯ ಬೆರಳುದ್ದದ ಸೀಸದ ಸಿಪಾಯಿಗಳದು. ಭಟ್ಕಳದ ಸಾಹೇಬರೊಬ್ಬರು ಮಕ್ಕಳಿಗೆಂದು ಕೊಲಂಬೋದಿಂದ ತಂದಿದ್ದ ಪೆಟ್ಟಿಗೆ. ಮಕ್ಕಳಿಗೆ ಮೀಸೆ ಬಂದು ಅವರು ವ್ಯಾಪಾರಕ್ಕೆ ಹೋದ ಮೇಲೆ ಅದನ್ನು ಪರಿಚಯದ ಮೇಲೆ ತಾಂಡೇಲನಿಗೆ ಕೊಟ್ಟರು. ಕೆಂಪು ಅಂಗಿಯವರು ಅವನ ಕಡೆ, ನೀಲಿಯವರು ನನ್ನ ಕಡೆ. ಗುಡ್ಡಕ್ಕೆ ಚಿರೆಕಲ್ಲಿನ ತುಂಡು, ಹೊಳೆಗೆ ಹಳೆಯ ಸೀರೆಯ ಅಂಚು. ನಡೆ ಅಳೆಯಲು ಹಿಡಿಕಡ್ಡಿ, ಎಂದರೆ ಪೊರಕೆಯ ಕಡ್ಡಿ. ಯಾರು ಸತ್ತರು, ಯಾರು ಉಳಿದರು ಎಂದು ಹೇಳಲು ಕವಡೆ. ಸಂಜೆ ತಾಂಡೇಲನ ಹೆಂಡತಿ ಗಂಗಕ್ಕ ತುಳಸಿಕಟ್ಟೆಗೆ ದೀಪ ತಂದಳೆಂದರೆ ಯುದ್ಧ ಮುಗಿಯಿತು. ನನ್ನ ಕೈಗಡಿಯಾರ ಹಿಂದೆ ಬೀಳಬಹುದು, ಗಂಗಕ್ಕನ ದೀಪ ಬೀಳದು.

ಕಾನೂನುಗಳನ್ನು ಮಾಡಿದವನು ನಾನೇ ಎಂದು ಬೇರೆ ಹೇಳಬೇಕಾಗಿಲ್ಲ. ಅವುಗಳಲ್ಲಿ ನನ್ನ ಹೆಮ್ಮೆಯದು ಬುತ್ತಿಗಾಡಿಯ ಕಾನೂನು. ಅಡಿಕೆ ಹಾಳೆಯನ್ನು ಕತ್ತರಿಸಿ, ಗುಂಡಿಗಳನ್ನು ಚಕ್ರವಾಗಿ ಹೊಲಿದು, ಎರಡು ಪುಟ್ಟ ಗಾಡಿ ಮಾಡಿದ್ದೆ. ಗಾಡಿ ಹಿಂದಿನಿಂದ ಬಂದು ಮುಟ್ಟದೆ ಯಾವ ತುಕಡಿಯೂ ಮುಂದೆ ಹೋಗುವಂತಿಲ್ಲ.

ತಾಂಡೇಲನಿಗೆ ಇದು ನುಂಗಲಾರದ ತುತ್ತು. "ಎಂತ ಮಾಸ್ತರ್ರೇ, ಇದು ಯುದ್ಧವಾ, ರೇಶನ್ ಅಂಗಡಿಯಾ? ನನ್ನ ಸಿಪಾಯಿ ಗುಂಡು ಹೊಡೂಕೆ ಬಂದದ್ದು, ಉಂಬೂಕಲ್ಲ."

"ನಿನ್ನ ಮಚವೆಯಲ್ಲಿ ಅಡುಗೆಯವ ಇರಲಿಲ್ಲವೇನೋ?"

"ಇದ್ದ. ಸಮುದ್ರ ನನ್ನ ಒಂದ್ ಸಲವೂ ಕೊಲ್ಲೂಕೆ ನೋಡ್ಲಿಲ್ಲ. ಅವ ಎರಡು ಸಲ ನೋಡಿದ್ದ."

ಆದರೂ ನನ್ನ ವಾದ ಸಣ್ಣದಲ್ಲ. ನಮ್ಮ ಹಿರಿಯರು ಚತುರಂಗ ಎಂದರು. ಆನೆ, ಕುದುರೆ, ರಥ, ಕಾಲಾಳು ಎಂದು ನಾಲ್ಕು ಅಂಗ ಎಣಿಸಿದರು. ಹೊಟ್ಟೆ ಎಂಬ ಐದನೆಯ ಅಂಗವನ್ನು ಮರೆತರು. ಯಕ್ಷಗಾನದಲ್ಲಿ ಬೆಳಗಿನ ತನಕ ಯುದ್ಧ ನಡೆಯುತ್ತದೆ, ಬುತ್ತಿ ಕಟ್ಟಿಕೊಂಡು ಹೊರಟ ವೇಷವನ್ನು ಮಾತ್ರ ನಾನು ಕಂಡಿಲ್ಲ. ಮಿರ್ಜಾನದ ಕೋಟೆ ಕಟ್ಟಿದವರಿಗೆ ಗೊತ್ತಿತ್ತು. ಅಲ್ಲಿಗೆ ಹೋದವರೆಲ್ಲ ಬುರುಜು ನೋಡುತ್ತಾರೆ. ನಾನು ನೋಡುವುದು ಒಳಗಿನ ಬಾವಿಗಳನ್ನು.

ತಾಂಡೇಲನ ವಿದ್ಯೆಯೆಲ್ಲ ಒಂದೇ ಸೂತ್ರದಲ್ಲಿತ್ತು: "ಗುಡ್ಡ ಹಿಡ್ದವ ಗೆದ್ದ." ಗುಡ್ಡದ ಮೇಲಿನ ಸಿಪಾಯಿ ಇಬ್ಬರಿಗೆ ಸಮ ಎಂದು ನನ್ನ ಕಾನೂನೂ ಒಪ್ಪುತ್ತಿತ್ತು. ನಾವು ಕರಾವಳಿಯವರು. ಗುಡ್ಡ ಎಂದರೆ ನಮಗೆ ಅಪ್ಸರಕೊಂಡದ ನೆತ್ತಿ: ಹತ್ತಿದರೆ ಗಾಳಿ, ಕೂತರೆ ಸಮುದ್ರ. ಅದರ ಮೇಲೆ ಒಬ್ಬನನ್ನು ಬಿಟ್ಟರೆ ಅವನಿಗೆ ಸುಖವೇ ಎಂದು ಇಬ್ಬರೂ ಎಣಿಸಿದ್ದೆವು.

ಹಾಗಲ್ಲ ಎಂದು ಮೊದಲು ಹೇಳಿದವನು ಗಣು. ಅವನು ತಾಂಡೇಲನ ಒಬ್ಬನೇ ಮಗ, ಫೌಜಿಗೆ ಸೇರಿ ಉತ್ತರದ ಗಡಿಯಲ್ಲಿದ್ದ. ಒಮ್ಮೆ ರಜೆಯಲ್ಲಿ ಬಂದಾಗ ನಮ್ಮ ಹಲಗೆಯ ಮುಂದೆ ಕುಕ್ಕರಗಾಲಲ್ಲಿ ಕೂತು, ಗುಡ್ಡದ ತುದಿಯ ಕೆಂಪು ಸಿಪಾಯಿಯನ್ನು ಬೆರಳಿಂದ ಮುಟ್ಟಿ ಕೇಳಿದ: "ಅಪ್ಪಾ, ಇವ್ನಿಗೆ ಚಳಿ ಆಗೂದಿಲ್ವಾ?"

"ಮಂಡೆಗೊಂದು ಪಂಚೆ ಸುತ್ಕಂಡ್ರೆ ಆತು" ಎಂದ ತಾಂಡೇಲ. ಎಲ್ಲರೂ ನಕ್ಕೆವು. ಗಣುವೂ ನಕ್ಕ, ಸ್ವಲ್ಪ ತಡವಾಗಿ. ಆಮೇಲೆ, ಅಲ್ಲಿ ಬಾಟಲಿಯ ನೀರು ಕಲ್ಲಾಗುತ್ತದೆ, ಬೂಟಿನೊಳಗೆ ಬೆರಳು ಇದೆಯೋ ಹೋಯಿತೋ ತಿಳಿಯುವುದಿಲ್ಲ ಎಂದ. ಗಂಗಕ್ಕ ಒಳಗಿನಿಂದಲೇ ಕೂಗಿದಳು: "ದಿನಾ ಕಾಲಿಗೆ ಎಣ್ಣೆ ತಿಕ್ಕಾ ಅಂದ್ರೆ ಕೇಳೂದಿಲ್ಲ ನೀನು!" ಹೊರಡುವಾಗ ಅವನ ಟ್ರಂಕಿನಲ್ಲಿ ಒಂದು ಡಬ್ಬಿ ತೆಂಗಿನೆಣ್ಣೆ ಇಟ್ಟಳು.

ಕಾನೂನಿನ ಮನುಷ್ಯನಾದ ನಾನು, ಹಾಗಾದರೆ ಚಳಿಗೂ ಒಂದು ಕಾನೂನು ಮಾಡೋಣ ಎಂದೆ. ತಾಂಡೇಲ ಕೈಯಾಡಿಸಿಬಿಟ್ಟ. "ಬ್ಯಾಡ ಮಾರಾಯ್ರೇ. ಗುಡ್ಡ ಹತ್ತೂಕೆ ಯಾರೂ ಉಳಿಯೂದಿಲ್ಲ ಮತ್ತೆ."

ಮುಂದೆ ಆ ಗಡಿಯಲ್ಲಿ ನಿಜವಾದ ಯುದ್ಧ ಬಂತು. ಪೇಟೆಯ ಅಂಗಡಿಯ ರೇಡಿಯೋ ಮುಂದೆ ಜನ ನಿಂತರು. ಭಾನುವಾರ ನಾನು ತಪ್ಪದೆ ಹೋದೆ. ತಾಂಡೇಲ ತಪ್ಪದೆ ಆಡಿದ. ಆದರೆ ಅವನ ಕೆಂಪು ಸಿಪಾಯಿಗಳು ಗುಡ್ಡದ ಬುಡದಲ್ಲೇ ಸುತ್ತಿದವು. ಹತ್ತಬಹುದಾಗಿದ್ದಾಗಲೂ ಹತ್ತಲಿಲ್ಲ. ಬರಿದಾದ ಗುಡ್ಡವನ್ನು ನಾನೂ ಹಿಡಿಯಲಿಲ್ಲ. ಗುಂಡು ನಿಂತಿತೆಂದು ರೇಡಿಯೋ ಹೇಳಿದ ದಿನ ಗಂಗಕ್ಕ ಕೇರಿಗೆಲ್ಲ ಅವಲಕ್ಕಿ ಬೆಲ್ಲ ಹಂಚಿದಳು.

ತಂತಿ ಬಂದದ್ದು ಅದಾದ ಮೇಲೆ. ಇಂಗ್ಲಿಷಿನಲ್ಲಿದ್ದುದರಿಂದ ಓದುವ ಕೆಲಸ ನನ್ನ ಪಾಲಿಗೆ ಬಂತು. ಉಳಿದದ್ದನ್ನು ಕೆಲವು ತಿಂಗಳ ಮೇಲೆ ಗಣುವಿನ ಜೊತೆಗಾರನೊಬ್ಬ ಬಂದು ಹೇಳಿದ. ಗಣುವನ್ನು ಕೊಂದದ್ದು ಗುಂಡಲ್ಲ. ಎತ್ತರದ ಒಂದು ಕಾವಲು ಜಾಗದಲ್ಲಿದ್ದರು. ಹಿಮ ಬಿದ್ದು ದಾರಿ ಮುಚ್ಚಿತು. ಕೆಳಗಿನಿಂದ ಹೊರಟ ಊಟ, ಕಂಬಳಿ ಮೇಲೆ ಮುಟ್ಟಲಿಲ್ಲ. ತಾಂಡೇಲ ಎಲ್ಲ ಕೇಳಿ, ಬಂದವನಿಗೆ ಉಂಡು ಹೋಗು ಎಂದ.

ಮರುದಿನ ಭಾನುವಾರ. ತಂತಿ ಬಂದಂದಿನಿಂದ ನಾವು ಹಲಗೆ ಹಾಸಿರಲಿಲ್ಲ. ಇನ್ನೆಲ್ಲಿಯ ಆಟ, ಪೆಟ್ಟಿಗೆಯನ್ನು ಕಣ್ಣಿಗೆ ಬೀಳದ ಹಾಗೆ ನನ್ನ ಮನೆಗೆ ಒಯ್ದುಬಿಡೋಣ ಎಂದುಕೊಂಡೇ ಹೋದೆ. ಹೋಗಿ ನೋಡಿದರೆ ಹಲಗೆ ಹಾಸಿತ್ತು. ಗುಡ್ಡದ ತುದಿಯಲ್ಲಿ ಒಬ್ಬನೇ ಕೆಂಪು ಸಿಪಾಯಿ. ಉಳಿದವರೆಲ್ಲ ಪೆಟ್ಟಿಗೆಯಲ್ಲಿ.

"ಗಾಡಿ ನಾ ನಡ್ಸ್ತೆ" ಎಂದ ತಾಂಡೇಲ. "ನೀವು ಚಳಿ ಆಗಿ, ಮಾಸ್ತರ್ರೇ."

ಹೀಗೆ ನಾನು ಚಳಿಯಾದೆ. ಅಂದಿನಿಂದ ನಮ್ಮ ಆಟ ಇದೊಂದೇ. ಗಾಡಿ ಒಂದು ಕಡ್ಡಿಯಷ್ಟು ಹೋಗುವ ಮೊದಲು ನಾನು ಕವಡೆ ಎಸೆಯಬೇಕು. ಬೋರಲು ಬಿದ್ದವು ಹೆಚ್ಚಾದರೆ ದಾರಿಯುಂಟು. ಅಂಗಾತ ಬಿದ್ದವು ಹೆಚ್ಚಾದರೆ ಹಿಮ, ಗಾಡಿ ಹಿಂದೆ ಸರಿಯಬೇಕು. ದೀಪ ಬರುವುದರೊಳಗೆ ಗಾಡಿ ತುದಿ ಮುಟ್ಟಿದರೆ ಸಿಪಾಯಿ ಉಳಿದ. ಸೋಲಲೆಂದೇ ಎಸೆಯುವ ಆಟಗಾರ ಲೋಕದಲ್ಲಿ ನಾನೊಬ್ಬನೇ ಇರಬೇಕು. ಕವಡೆಗೆ ಅದೆಲ್ಲ ತಿಳಿಯುವುದಿಲ್ಲ. ಹೆಚ್ಚಿನ ಭಾನುವಾರ ಗೆಲ್ಲುವವನು ನಾನೇ.

ಒಮ್ಮೆ ಅಂಗಾತ ಬಿದ್ದ ಕವಡೆಯೊಂದನ್ನು ಎಣಿಸದೆ ಬಿಟ್ಟೆ. ತಾಂಡೇಲನ ಕಣ್ಣು ಈಗಲೂ ದಿಗಂತದಲ್ಲಿ ಹಾಯಿ ಹುಡುಕುವ ಕಣ್ಣು. "ಸಮಾ ಎಣ್ಸಿ" ಎಂದ. "ಅಲ್ಲಿ ಯಾರೂ ಬಿಟ್ಟು ಕೊಡ್ಲಿಲ್ಲ." ಮತ್ತೆ ಎಣಿಸಿದೆ. ಗಾಡಿ ಹಿಂದೆ ಸರಿಯಿತು.

ಗಂಗಕ್ಕ ಈ ಆಟಕ್ಕೆ ನಿಲ್ಲುವುದಿಲ್ಲ. ಚಹಾ ತಂದಿಟ್ಟು, ಹಲಗೆಯ ಕಡೆ ನೋಡದೆ ಒಳಗೆ ಹೋಗುತ್ತಾಳೆ. ಕಳೆದ ಭಾನುವಾರವೂ ಹಾಗೆಯೇ ಹೋದಳು. ಆ ದಿನ ಗಾಡಿ ಎಂದಿಗಿಂತ ಮೇಲೆ ಹತ್ತಿತ್ತು. ತುದಿಗೆ ಎರಡೇ ಕಡ್ಡಿ ಇದ್ದಾಗ ಹಿಮ ಬಿತ್ತು. ಹಿಂದೆ ಸರಿಯಿತು. ಮತ್ತೆ ಹತ್ತಿತು, ಮತ್ತೆ ಹಿಮ. ಹೊಳೆಯಾಚೆಯ ತೆಂಗುಗಳು ಕಪ್ಪಾದವು. ನೆರೆಮನೆಗಳ ತುಳಸಿಕಟ್ಟೆಗಳಲ್ಲಿ ಬೆಳಕು ಬಂತು. ಕವಡೆಯ ಮುಖ ನೋಡಲು ನಾನು ಹಲಗೆಗೆ ಮೂಗು ತಾಗುವಷ್ಟು ಬಗ್ಗಬೇಕಾಯಿತು. ತಲೆಯೆತ್ತಿ ಒಳಗೆ ನೋಡಿದೆ. ಅಡುಗೆಮನೆಯ ಹೊಸ್ತಿಲಲ್ಲಿ ಗಂಗಕ್ಕ ಕೂತಿದ್ದಳು. ಮಡಿಲಲ್ಲಿ ಎಣ್ಣೆ ಹಾಕಿದ ದೀಪ, ಕೈಯಲ್ಲಿ ಕಡ್ಡಿಪೆಟ್ಟಿಗೆ. ಕಡ್ಡಿ ಗೀರುವ ಅವಸರ ಅವಳಿಗೆ ಇದ್ದಂತೆ ಕಾಣಲಿಲ್ಲ.

ತಾಂಡೇಲನೂ ನೋಡಿದ. ಸಮಾ ಎಣಿಸಿ ಎಂದಿದ್ದವನು ಈಗ ಗಾಡಿಯ ಮೇಲೆ ಬೆರಳಿಟ್ಟು ನನ್ನ ಎಸೆತಕ್ಕೆ ಕಾದ.

ನನ್ನ ಕೈಗಡಿಯಾರ ನನ್ನ ಕೈಯಲ್ಲೇ ಇತ್ತು. ಆದರೆ ಕಾನೂನು ಕಾನೂನೇ, ಮತ್ತು ಅದನ್ನು ಮಾಡಿದವನು ನಾನು: ದೀಪ ಬರುವ ತನಕ ಎಂದು ಹೇಳಿದ್ದೇನೆಯೇ ಹೊರತು, ದೀಪ ಎಷ್ಟು ಹೊತ್ತಿಗೆ ಬರಬೇಕೆಂದು ಎಲ್ಲಿಯೂ ಹೇಳಿಲ್ಲ. ಕವಡೆಗಳನ್ನು ಒಟ್ಟುಮಾಡಿಕೊಂಡು ಮತ್ತೆ ಎಸೆದೆ.