ಅಕ್ಕನ ಕೈ, ಗುಂಡು ಹಿಡಿ

ನನ್ನ ಸಿಟ್ಟು ಸಾಮಾನ್ಯವಾಗಿ ಊಟದ ಹೊತ್ತಿಗೆ ಇಳಿದುಹೋಗುತ್ತದೆ. ಬಾಗಿಲಿಗೆ ಹಾಕುವ ಗುಂಡನೆಯ ಸ್ಟೀಲ್ ಹಿಡಿಯ ಮೇಲಿನ ಸಿಟ್ಟು ಮಾತ್ರ ವರ್ಷವಾದರೂ ಇಳಿದಿಲ್ಲ.

ನ್ಯಾಮತಿಯಲ್ಲಿರುವ ನಮ್ಮ ಗಿರಿಜಕ್ಕನಿಗೆ ಸಂಧಿವಾತ. ಬೆರಳುಗಳು ಒಂದೊಂದು ಒಂದೊಂದು ಕಡೆ ತಿರುಗಿವೆ. ಲೋಟವನ್ನು ಎರಡು ಅಂಗೈಗಳ ನಡುವೆ ಎತ್ತಿ ಚಹಾ ಕುಡಿಯುತ್ತಾಳೆ. ಯಾರನ್ನೂ ಏನೂ ಕೇಳುವವಳಲ್ಲ. ಹೋದ ವರ್ಷ, ತಾನೇ ಎತ್ತಿ ಆಡಿಸಿದ ಮೈದುನನ ಮಗಳ ಮದುವೆಗೆಂದು ಹೊನ್ನಾಳಿಯ ಹೊಸ ಕಲ್ಯಾಣ ಮಂಟಪಕ್ಕೆ ಬಂದಿದ್ದಳು. ಮುಹೂರ್ತಕ್ಕೆ ಮುಂಚೆ ಬಾತ್‌ರೂಮಿಗೆ ಹೋದಳು. ಬಾಗಿಲು ಮುಚ್ಚಿಕೊಂಡಿತು. ತೆರೆಯಲು ಗುಂಡು ತಿರುಗಿಸಬೇಕು. ಅವಳು ಕೂಗಿದ್ದು ವಾಲಗದ ಸದ್ದಿನಲ್ಲಿ ಯಾರಿಗೆ ಕೇಳಬೇಕು?

ಅಕ್ಷತೆ ಹಾಕುವಾಗ ಅಕ್ಕ ಕಾಣದೆ ನಾನು ಹುಡುಕುತ್ತಾ ಹೋಗಿ ಬಾಗಿಲು ತೆರೆದೆ. ಅವಳ ಮಣಿಕಟ್ಟು ಕೆಂಪಾಗಿತ್ತು.

"ತಾಳಿ ಕಟ್ಟಿದ್ರೇನೋ?"

ಹೌದೆಂದು ತಲೆಯಾಡಿಸಿದೆ.

"ಅದನ್ನ ನೋಡಾಕೇ ಬಂದಿದ್ದೆ ಕಣೋ," ಎಂದು ಸೆರಗಿನಿಂದ ಮುಖ ಒರೆಸಿಕೊಂಡಳು.

ಮಂಟಪದ ಮ್ಯಾನೇಜರನ್ನು ಹಿಡಿದು ಕೇಳಿದ್ದಕ್ಕೆ ಅವನು ಹೇಳಿದ: "ನೋಡ್ರಿ ಸಾರ್, ಇದು ಕಲ್ಯಾಣ ಮಂಟಪ, ಆಸ್ಪತ್ರೆ ಅಲ್ಲ. ಫಾರಿನ್ ಮಾಲ್ ಐತೆ ಅದು."

"ಹಂಗಾದ್ರೆ ಬೆರಳು ನೆಟ್ಟಗಿದ್ದೋರು ಮಾತ್ರ ಮದುವೆಗೆ ಬರ್ರಿ ಅಂತ ಬೋರ್ಡ್ ಹಾಕ್ರಿ!" ನಾನು ಕೂಗಿದ್ದಕ್ಕೆ ಬಡಿಸುತ್ತಿದ್ದವರು ಸೌಟು ಹಿಡಿದು ನಿಂತುಬಿಟ್ಟರು. ಕನ್ನಡದಲ್ಲಿ ಹಿಡಿ ಎಂದರೆ ಬಾಗಿಲಿನದೂ ಹೌದು, ಮುಷ್ಟಿಯೂ ಹೌದು. ಮುಷ್ಟಿ ಕಟ್ಟಲಾರದವರ ನೆನಪು ಆ ಹೆಸರಿಟ್ಟವನಿಗೂ ಬಂದಿರಲಿಕ್ಕಿಲ್ಲ.

ಇಷ್ಟೆಲ್ಲ ಕೂಗಾಡಿ ಚನ್ನಗಿರಿಯ ನಮ್ಮ ಮನೆಗೆ ಬಂದು ನನ್ನ ಕೋಣೆಯ ಬಾಗಿಲಿಗೆ ಕೈಹಾಕಿದೆ. ಅದೇ ಗುಂಡು! ಹೊಳಪಿಗೆ ಮರುಳಾಗಿ ನಾನೇ ಮನೆ ತುಂಬ ಹಾಕಿಸಿದ್ದು. ಗೃಹಪ್ರವೇಶವಾದಾಗಿನಿಂದ ಅಕ್ಕ ನಮ್ಮಲ್ಲಿ ಒಂದು ರಾತ್ರಿಯೂ ಉಳಿದಿರಲಿಲ್ಲ. ಸಂಜೆಯ ಬಸ್ಸಿಗೇ ಹೊರಡುತ್ತಿದ್ದಳು. ಅವಳಿಗೆ ನಮ್ಮ ಮೇಲೆ ಅಸಮಾಧಾನವೆಂದು ಹೆಂಡತಿಯ ಮುಂದೆ ಗೊಣಗಿದ್ದೆ. ಅಕ್ಕನಿಗೆ ಫೋನ್ ಮಾಡಿ, ಉಳಿಯದಿದ್ದುದು ಈ ಗುಂಡಿನಿಂದಲೇ ಎಂದು ಕೇಳಿದೆ.

"ಬಚ್ಚಲ ಬಾಗಿಲು ತೆಗೆಯಾಕೆ ಆಗದ ಮನೇಲಿ ಹೆಂಗೆ ಉಳ್ಕಳ್ಳಲಿ?"

"ಹೇಳಬಾರದಿತ್ತಾ?"

"ನಿನಗೆ ಕಣ್ಣಿರಲಿಲ್ವಾ?"

ತ್ಯಾವಣಿಗೆಯ ಬಡಗಿ ರುದ್ರಾಚಾರಿಯನ್ನು ಕರೆಸಿದೆ, ಒಂದು ಹಗಲಿನ ಮಟ್ಟಿಗೆ ಅಕ್ಕನನ್ನೂ. ಅವರು ಬಚ್ಚಲ ಬಾಗಿಲಿಗೆ, ಒತ್ತಿದರೆ ತೆರೆಯುವ ಉದ್ದನೆಯ ಹಿಡಿಯೊಂದನ್ನು ಕೂರಿಸಿದರು. ಅಕ್ಕ ಮೊಳಕೈಯಲ್ಲಿ ಒತ್ತಿ, "ಸ್ಪ್ರಿಂಗ್ ಗಟ್ಟಿ ಐತೆ," ಎಂದಳು. ಸಡಿಲಿಸಿದರು. "ಸೆರಗು ಸಿಕ್ಕಾಕ್ಕಳುತ್ತೆ," ಎಂದಳು. ತುದಿಯನ್ನು ಒಳಕ್ಕೆ ಬಗ್ಗಿಸಿದರು. ಅಷ್ಟೇ ಕೆಲಸ! ಮಂಟಪದವರಿಗೆ ಇದನ್ನೆಲ್ಲ ವಿವರಿಸಿ ಎರಡು ಪತ್ರ ಬರೆದೆ, ಉತ್ತರವಿಲ್ಲ. ಮೂರನೆಯದನ್ನು ಇನ್ನೂ ಖಾರವಾಗಿ ಬರೆಯುತ್ತಿದ್ದೇನೆ.

ಮೊನ್ನೆ ಅಕ್ಕ ನಾಲ್ಕು ದಿನದ ಸೀರೆಗಳೊಂದಿಗೆ ಬಂದಳು. ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡಳು. ನಾನು ಹೊರಗೇ ನಿಂತೆ.

"ಅಲ್ಲೇನು ಕಾವಲು ಕಾಯ್ತಿದೀಯಾ? ಹೋಗೋ!" ಒಳಗಿಂದ ಗದರಿದಳು.

ಬಾಗಿಲನ್ನು ನಿಶ್ಚಿಂತೆಯಿಂದ ಮುಚ್ಚಿಕೊಳ್ಳುವುದೂ ಒಂದು ಸುಖವೆಂದು ಅರವತ್ತು ದಾಟಿದ ಮೇಲೆ, ಬೈಸಿಕೊಂಡು, ಕಲಿತೆ.