ಮೂರು ಹೊತ್ತಿನ ನೀರು

ನಮ್ಮ ಬೀದಿಯ ಮೀನಂಗಡಿಯವನನ್ನು ಎಲ್ಲರೂ ಹುಳದಣ್ಣ ಅಂತಲೇ ಕರೆಯುವುದು. ಗಾಜಿನ ತೊಟ್ಟಿಯ ಬಣ್ಣದ ಮೀನುಗಳು ತಿನ್ನುವ ಕೆಂಪು ಹುಳಗಳನ್ನು ಜೀವಂತ ಉಳಿಸುವುದರಲ್ಲೇ ಅವನ ಆಯುಸ್ಸು ಸವೆದಿದೆ. ದಿನಕ್ಕೆ ಮೂರು ಸಲ ಹುಳದ ತಟ್ಟೆಯ ನೀರು ಚೆಲ್ಲಿ, ಬೆಳ್ಳಗಾಗಿ ಸತ್ತವನ್ನು ಆರಿಸಿ, ಮತ್ತೆ ತಣ್ಣೀರು ತುಂಬಬೇಕು. ಒಂದು ಹೊತ್ತು ತಪ್ಪಿದರೆ ಇಡೀ ತಟ್ಟೆ ಹಾಳು. ತನ್ನ ಮದುವೆಯ ದಿನವೂ ಊಟದ ನಡುವೆ ಎದ್ದು ಬಂದು ನೀರು ಬದಲಿಸಿದನಂತೆ. ಸೆಖೆ ಜಾಸ್ತಿಯಾದರೆ ತಟ್ಟೆ ಮನೆಯ ಫ್ರಿಜ್ಜಿಗೆ ಹೋಗುತ್ತದೆ. “ಹಾಲಿನ ಪಕ್ಕ ನಿಮ್ಮ ಸಂಸಾರ ಇಟ್ಟಿದ್ದೀರಲ್ಲ, ತೆಗೀರಿ ಅತ್ಲಾಗೆ!” ಎಂದು ಹೆಂಡತಿ ಮೂಗು ಮುಚ್ಚಿಕೊಂಡರೆ, “ನನಗೂ ಸಾಕಾಗಿದೆ ಕಣೇ” ಎಂದು ಸೊಂಟ ಹಿಡಿದು ನಿಟ್ಟುಸಿರು ಬಿಡುತ್ತಾನೆ. ಹೋದ ತಿಂಗಳು ಆಕೆ ಜ್ವರ ಬಂದು ಆಸ್ಪತ್ರೆ ಸೇರಿದಳು. ನಾನು ನೋಡಲು ಹೋದಾಗ ಅವನು ಮಂಚದ ಪಕ್ಕ ಸ್ಟೂಲಿನ ಮೇಲೆ ಕೂತಿದ್ದ. ಆಕೆ ಕಣ್ಣು ಬಿಟ್ಟು, “ಹುಳಕ್ಕೆ ನೀರು ಬದಲಾಯಿಸಿದ್ರಾ?” ಎಂದಳು. “ಈಗ ತಾನೇ ಬದಲಾಯಿಸಿ ಬಂದೆ, ನೀನು ಮಲಕ್ಕೋ” ಎಂದ. ಅಂಗಡಿಯ ಬಾಗಿಲು ಮುಚ್ಚಿ ಮೂರು ದಿನವಾಯಿತೆಂದು ನಾನು ಬಾಯಿಬಿಡಲಿಲ್ಲ. ಅವನು ಆಕೆಯ ಹೊದಿಕೆ ಸರಿಮಾಡಿ, ಸ್ಟೂಲನ್ನು ಇನ್ನಷ್ಟು ಹತ್ತಿರ ಎಳೆದುಕೊಂಡ.