ಕಡ್ಡಿ ಪೈಲ್ವಾನನ ಕಾಲುಗಳು

ಗಡಿಯಾರ ರಿಪೇರಿಯ ಅಂಗಡಿಯಲ್ಲಿ ಕುಳಿತ ಅವನನ್ನು ಮೊದಲ ಸಲ ನೋಡಿದವರು, ಎಂಥ ಗಟ್ಟಿಮುಟ್ಟಾದ ಆಳು ಎಂದುಕೊಳ್ಳುತ್ತಿದ್ದರು. ಗಾಜಿನ ಕೌಂಟರಿನ ಮೇಲೆ ಕಾಣುತ್ತಿದ್ದುದು ಅಗಲವಾದ ಭುಜ, ಅಂಗಿಯ ತೋಳು ಬಿರಿಯುವಂಥ ರಟ್ಟೆ. ಎದ್ದು ಹೊರಗೆ ಬಂದನೆಂದರೆ ಕಥೆಯೇ ಬೇರೆ. ಏಳನೆಯ ತರಗತಿಯಲ್ಲಿ ನನ್ನ ಶಿಷ್ಯನಾಗಿ ಮುಂದೆ ನಿಂತಿದ್ದಾಗ ಅವನ ಕಾಲುಗಳು ಹೇಗಿದ್ದವೋ ನಲವತ್ತಾದರೂ ಹಾಗೆಯೇ ಇದ್ದವು. ಮೇಲೆ ಪೈಲ್ವಾನ, ಕೆಳಗೆ ಕಡ್ಡಿ. ಬೀದಿಯವರು ಎರಡನ್ನೂ ಸೇರಿಸಿ ಅವನನ್ನು ಕಡ್ಡಿ ಪೈಲ್ವಾನ ಎಂದು ಕರೆಯುತ್ತಿದ್ದರು.

ಇದು ಸೋಮಾರಿತನದಿಂದ ಆದದ್ದಲ್ಲ, ಬೇಕೆಂದೇ ಮಾಡಿಕೊಂಡದ್ದು. ಹದಿನೈದು ವರ್ಷಗಳಿಂದ ಅವನು ಅಂಗಡಿ ಮುಚ್ಚಿದೊಡನೆ ಹಿಂದಿನ ಬೀದಿಯ ವ್ಯಾಯಾಮಶಾಲೆಗೆ ಹೋಗುತ್ತಿದ್ದ. ಅಲ್ಲಿ ಚಾವಣಿಯಿಂದ ಇಳಿಬಿಟ್ಟ ಎರಡು ಮರದ ರಿಂಗುಗಳನ್ನು ಹಿಡಿದು, ಕೈಗಳ ಮೇಲೆ ಮೈಯನ್ನೆತ್ತಿ, ಕಾಲುಗಳನ್ನು ನೇರ ಮುಂದಕ್ಕೆ ಚಾಚಿ ಅಲುಗದೆ ಇರುವುದೇ ಅವನ ಹೆಮ್ಮೆ.

“ಕಾಲು ದಪ್ಪ ಆದ್ರೆ ಎತ್ತೋ ಭಾರ ಜಾಸ್ತಿ ಆಗುತ್ತೆ ಮೇಷ್ಟ್ರೇ” ಎನ್ನುತ್ತಿದ್ದ.

ಆದ್ದರಿಂದ ಕಾಲಿಗೆ ಅವನು ಕೆಲಸವನ್ನೇ ಕೊಡುತ್ತಿರಲಿಲ್ಲ. ಒಂದು ಮಹಡಿ ಹತ್ತುವುದಕ್ಕೂ ಲಿಫ್ಟು ಬೇಕು. ರಿಂಗಿನಿಂದ ಇಳಿಯುವಾಗಲೂ ಕೆಳಗೊಂದು ಸ್ಟೂಲು ಇಟ್ಟುಕೊಂಡು, ಬಸ್ಸಿನಿಂದ ಇಳಿಯುವ ಮುದುಕನಂತೆ ಒಂದೊಂದೇ ಪಾದ ಊರಿ ಇಳಿಯುತ್ತಿದ್ದ.

ಹೀಗಿರಲು ಅಲ್ಲಿ ಮಕ್ಕಳಿಗೆ ಹೇಳಿಕೊಡುತ್ತಿದ್ದ ತರಬೇತುದಾರರು ನಿವೃತ್ತರಾದರು. ಆ ಜಾಗದ ಮೇಲೆ ಇವನಿಗೆ ಎಷ್ಟು ಆಸೆಯಿತ್ತೆಂದರೆ, ಅರ್ಜಿಯ ತಪ್ಪು ತಿದ್ದಿಸಲು ನನ್ನ ಬಳಿಗೆ ಮೂರು ಸಲ ಬಂದ. ಪರೀಕ್ಷೆಯ ದಿನ ವ್ಯಾಯಾಮಶಾಲೆಯ ಕಾರ್ಯದರ್ಶಿಯವರು ಮೊದಲು ಮಾಡಿದ ಕೆಲಸ ಸ್ಟೂಲನ್ನು ತೆಗೆಸಿದ್ದು.

“ಮಕ್ಕಳು ಹಾರಿ ಇಳೀತಾರೆ. ಹೇಳಿಕೊಡೋರೂ ಹಾರಿ ಇಳೀಬೇಕು.”

ಅವನು ಜೀಕಿ, ಹಾರಿದ. ಪಾದ ನೆಲಕ್ಕೆ ತಾಗಿತು, ಮಂಡಿ ಮಡಿಚಿತು, ಹಾಸಿನ ಮೇಲೆ ಅಂಡೂರಿ ಕುಳಿತೇಬಿಟ್ಟ. ಮಕ್ಕಳು ಬಾಯಿಗೆ ಕೈ ಅಡ್ಡ ಇಟ್ಟುಕೊಂಡರು. ಕಾರ್ಯದರ್ಶಿಯವರು ಮೂರು ತಿಂಗಳ ಗಡುವು ಕೊಟ್ಟರು. ಆಗಲೂ ನಿಲ್ಲದಿದ್ದರೆ ಬೇರೆಯವರನ್ನು ಕರೆಸುವುದಾಗಿ ಹೇಳಿದರು.

ಅವನ ಹೆಂಡತಿಯ ತಾಯಿ ಅವನ ಮನೆಯಿದ್ದ ಕಟ್ಟಡದ ಕೆಳಗೇ ಇಸ್ತ್ರಿ ಅಂಗಡಿ ನಡೆಸುವಾಕೆ. ಅರವತ್ತು ದಾಟಿದರೂ ಲಿಫ್ಟು ಹತ್ತದೆ ಬಟ್ಟೆಯ ಗಂಟು ಹೊತ್ತು ಐದು ಮಹಡಿ ಹತ್ತಿಳಿಯುವಾಕೆ.

“ಅಳಿಯಂದಿರೇ, ಆ ಕಾಲುಗಳನ್ನ ಅಲಂಕಾರಕ್ಕೆ ಇಟ್ಕೊಂಡಿದ್ದೀರಾ? ನಾಳೆಯಿಂದ ಗಂಟು ನೀವು ಹೊರಿ.”

“ಈ ತೋಳಿಗೆ ಅದ್ಯಾವ ಭಾರ ಅತ್ತೆ?”

“ತೋಳು ಯಾರು ಕೇಳಿದ್ರು? ಬೆನ್ನಿಗೆ ಕಟ್ತೀನಿ. ಕೈ ಜೇಬಲ್ಲಿರಲಿ.”

ಮೊದಲ ವಾರ ಅವನು ಮೂರನೆಯ ಮಹಡಿಯಲ್ಲೇ ಕುಸಿದು ಕೂರುತ್ತಿದ್ದ. ಅತ್ತೆ ಇನ್ನೊಂದು ಗಂಟು ಹೊತ್ತು ಹಿಂದಿನಿಂದ ಬಂದು, “ಸ್ವಲ್ಪ ಸರೀರಿ, ಮೇಲಿನ ಮನೆಯೋರು ಕಾಯ್ತಿದ್ದಾರೆ” ಎಂದು ದಾಟಿ ಹೋಗುತ್ತಿದ್ದರು. ಇದು ಸಾಲದೆಂದು ಅವನು ದಿನಕ್ಕೆ ನೂರು ಬಸ್ಕಿ ಹೊಡೆಯತೊಡಗಿದ. “ಶಾಲೇಲಿ ನೀವು ಇಪ್ಪತ್ತಕ್ಕೇ ನಿಲ್ಲಿಸ್ತಿದ್ರಿ ಮೇಷ್ಟ್ರೇ, ಅದೇ ತಪ್ಪಾಗಿದ್ದು” ಎಂದು ನನ್ನ ಮೇಲೇ ದೂರು ಹೊರಿಸಿದ.

ಎರಡನೆಯ ತಿಂಗಳಿಗೆ ಪ್ಯಾಂಟು ತೊಡೆಯ ಬಳಿ ಬಿಗಿಯಾಯಿತು. ಆದರೆ ಒಂದು ಸಂಜೆ ಅವನು ಸಪ್ಪೆ ಮೋರೆ ಹಾಕಿಕೊಂಡು ನಮ್ಮ ಮನೆಗೆ ಬಂದ.

“ಕಾಲು ಬಂತು, ಕೈ ಹೋಯ್ತು ಮೇಷ್ಟ್ರೇ. ರಿಂಗಿನ ಮೇಲೆ ಕಾಲು ಚಾಚಿದ್ರೆ ಹಾಗೇ ಕೆಳಗೆ ಜಾರುತ್ತೆ. ನಾನು ಹೇಳಿದ್ದೇ ನಿಜ. ಮೆಟ್ಟಿಲು ಬಿಟ್ಬಿಡ್ತೀನಿ.”

“ಮೆಟ್ಟಿಲು ಯಾವತ್ತು ಹತ್ತೋದು, ರಿಂಗು ಯಾವತ್ತು?”

“ಎರಡೂ ದಿನಾ. ಬೆಳಿಗ್ಗೆ ಮೆಟ್ಟಿಲು, ಮಧ್ಯಾಹ್ನ ಬಸ್ಕಿ, ಸಂಜೆ ರಿಂಗು.”

ನನಗೆ ನಗು ಬಂತು. ಮೂವತ್ತೆರಡು ವರ್ಷ ವೇಳಾಪಟ್ಟಿ ಬರೆದವನು ನಾನು. ಗಣಿತದ ಬೆನ್ನಿಗೇ ವ್ಯಾಕರಣವಿಟ್ಟರೆ ಎರಡೂ ತಲೆಗೆ ಹತ್ತುವುದಿಲ್ಲವೆಂದು ಬಲ್ಲೆ. ಕಾಗದ ತೆಗೆದು ಗೆರೆ ಹಾಕಿದೆ. ಸೋಮವಾರ, ಗುರುವಾರ ಕಾಲಿಗೆ. ಮಂಗಳವಾರ, ಶುಕ್ರವಾರ ರಿಂಗಿಗೆ. ಉಳಿದ ದಿನ ಮೈಗೆ ಬಿಡುವು. ಅತ್ತೆ ಅದನ್ನು ಇಸ್ತ್ರಿ ಮೇಜಿನ ಹಿಂದೆ ಅಂಟಿಸಿ, ಬುಧವಾರ ಅವನು ಗಂಟಿಗೆ ಕೈಹಾಕಿದರೆ ಗದರಿಸಿ ಓಡಿಸುತ್ತಿದ್ದರು. ದಣಿವಾರಿದ ಕೈಗಳಿಗೆ ಹೊಸ ಕಾಲುಗಳ ಭಾರ ನಿಧಾನವಾಗಿ ಒಗ್ಗಿತು.

ಗಡುವಿನ ದಿನ ಅತ್ತೆಯೂ ನಾನೂ ಗೋಡೆಯ ಬದಿಯ ಬೆಂಚಿನಲ್ಲಿ ಕುಳಿತಿದ್ದೆವು. ಅವನು ಮೈಯನ್ನೆತ್ತಿ ಕಾಲು ಚಾಚಿದ. ಅವು ಜಾರಲಿಲ್ಲ. ಆಮೇಲೆ ಜೀಕಿದ, ಕೈಬಿಟ್ಟ. ಧಪ್ಪೆಂದು ಎರಡು ಪಾದಗಳೂ ಒಟ್ಟಿಗೆ ಹಾಸಿನ ಮೇಲೆ ಬಿದ್ದವು. ಮಂಡಿ ಬಗ್ಗಿತು, ತೊಡೆಗಳು ಒಮ್ಮೆ ನಡುಗಿ ಸುಮ್ಮನಾದವು. ಅತ್ತೆ ನನ್ನ ಮುಂಗೈಯನ್ನು ಎಷ್ಟು ಗಟ್ಟಿಯಾಗಿ ಹಿಡಿದಿದ್ದಾರೆಂದು ನನಗೆ ಆಗ ತಿಳಿಯಿತು.

“ಆಯ್ತು ಮೇಷ್ಟ್ರೇ, ಸೋಮವಾರದಿಂದ ಬನ್ನಿ” ಎಂದರು ಕಾರ್ಯದರ್ಶಿಯವರು. ಅಭ್ಯಾಸಬಲದಿಂದ ನಾನೇ ತಲೆಯಾಡಿಸಿದೆ. ಅವರು ಮಾತಾಡಿದ್ದು ಅವನೊಡನೆ. “ಈಗ ಹಾಸು ಬಿಡಿ, ಮಕ್ಕಳು ಕಾಯ್ತಿದ್ದಾರೆ.”

ಅವನು ಕದಲಲಿಲ್ಲ. ಮುಖವೆಲ್ಲ ನಗೆ.

“ಒಂದು ನಿಮಿಷ ಇರಿ ಸಾರ್. ಈಗಷ್ಟೇ ನಿಂತಿದ್ದೀನಿ.”

ಅತ್ತೆ ನನ್ನ ಕಡೆ ಬಾಗಿ, “ಇನ್ನು ಇವರನ್ನ ಕೂರಿಸೋಕೆ ಯಾರನ್ನ ಕರೀಬೇಕೋ” ಎಂದರು.